ಮೋರಿಗೆ ಪೈಪು ತರುವ ಮುನ್ನ ಹಳ್ಳದ ಲೆಕ್ಕ ಹಾಕಿ

ತೋಟಕ್ಕೆ ಗಾಡಿ ಇಳಿಯಲಿ ಅಂತ ಹಳ್ಳಕ್ಕೆ ಮಣ್ಣು ತುಂಬಿ, ಅದರ ಕೆಳಗೆ ಒಂದು ಪೈಪು ಇಡುವವರು ಶಿರಸಿ ಕಡೆ ಜಾಸ್ತಿ. ನಾನೂ ಇಟ್ಟಿದ್ದೆ, ಒಂದು ಅಡಿ ಅಗಲದ್ದು. ಜೂನ್‌ನಲ್ಲಿ ನೀರು ಸಲೀಸಾಗಿ ಹೋಯಿತು. ಜುಲೈನ ಒಂದು ಬೆಳಿಗ್ಗೆ ನೋಡಿದರೆ ಪೈಪು, ಮಣ್ಣು ಎರಡೂ ಕೆಳಗಿನ ಅಡಿಕೆ ತೋಟದಲ್ಲಿದ್ದವು. ಸುಮ್ನೆ ಅಂದಾಜಿಗೆ ಪೈಪು ತಂದವನು ನಾನೇ, ಯಾರನ್ನು ಬೈಯುವುದು?

ಮೊದಲು ಎಷ್ಟು ಜಾಗದ ನೀರು ಬರುತ್ತದೆ ನೋಡಿ. ಮಳೆಯಲ್ಲೇ ಕೊಡೆ ಹಿಡಿದು ಬೆಟ್ಟದ ನೆತ್ತಿಗೆ ಹೋಗಿ. ನೀರು ಆಚೆ ಈಚೆ ಒಡೆಯುವ ಜಾಗವೇ ಗಡಿ. ಮೊಬೈಲ್ ಮ್ಯಾಪಿನಲ್ಲಿ ಆ ಗೆರೆ ಎಳೆದರೆ ಎಕರೆ ಲೆಕ್ಕ ಸಿಗುತ್ತದೆ. ಪಹಣಿ ನೋಡಬೇಡಿ. ಪಕ್ಕದವರ ಸೊಪ್ಪಿನ ಬೆಟ್ಟದ ನೀರೂ ನಿಮ್ಮ ಹಳ್ಳಕ್ಕೇ ಬರುತ್ತದೆ, ಅಲ್ವಾ?

ಮಳೆ ಅಳೆಯಲು ಮೇಲಿಂದ ಕೆಳಗೆ ಒಂದೇ ಅಗಲದ ಡಬ್ಬಿ ಸಾಕು. ಮರದ ನೆರಳು ಬೀಳದ ಕಡೆ ಇಡಿ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ಸ್ಕೇಲು ಇಳಿಸಿ ಬರೆದುಕೊಳ್ಳಿ. ಎಕರೆಗೆ 1 ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್.

ಬಿದ್ದದ್ದೆಲ್ಲ ಹರಿಯುವುದಿಲ್ಲ. ಜನ ಎಡವುವುದು ಇಲ್ಲೇ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ತಂದ 'ಕರ್ವ್ ನಂಬರ್' ಲೆಕ್ಕ ಈಗಲೂ ಎಲ್ಲೆಡೆ ಬಳಕೆಯಲ್ಲಿದೆ. ನೆಲಕ್ಕೊಂದು ಅಂಕಿ: ಹೆಚ್ಚು ಇಂಗಿಸುವ ನೆಲಕ್ಕೆ ಕಡಿಮೆ, ಕಲ್ಲುನೆಲಕ್ಕೆ 100ರ ಹತ್ತಿರ. 25,400ನ್ನು ಅದರಿಂದ ಭಾಗಿಸಿ 254 ಕಳೆಯಿರಿ. ನೆಲ ಹೀರುವ ಮಿ.ಮೀ. ಬರುತ್ತದೆ. ಅದರ ಐದನೇ ಒಂದು ಪಾಲನ್ನು ಮಳೆಯಿಂದ ಕಳೆದು, ಉಳಿದದ್ದನ್ನು ಉಳಿದದ್ದರಿಂದಲೇ ಗುಣಿಸಿ. ಬಂದದ್ದನ್ನು, ಮಳೆಗೆ ಹೀರುವಿಕೆಯ ಐದನೇ ನಾಲ್ಕು ಪಾಲು ಕೂಡಿಸಿದ ಮೊತ್ತದಿಂದ ಭಾಗಿಸಿ. ಅಂಕಿ 60 ಇದ್ದು 100 ಮಿ.ಮೀ. ಬಿದ್ದರೆ ಹರಿಯುವುದು 19 ಮಿ.ಮೀ. ಅಷ್ಟೇ.

ಹಿಂದಿನ ಐದು ದಿನ 53 ಮಿ.ಮೀ.ಗಿಂತ ಹೆಚ್ಚು ಸುರಿದಿದ್ದರೆ ಅದೇ ನೆಲದ ಅಂಕಿ 78ಕ್ಕೆ ಏರುತ್ತದೆ. ಆಗ 47 ಮಿ.ಮೀ. ಹರಿಯುತ್ತದೆ. ಒಣನೆಲವಾದರೆ ಅಂಕಿ 39, ಹರಿಯುವುದು ಬರೀ 1 ಮಿ.ಮೀ.! ಮಳೆ ಅದೇ, ಬೆಟ್ಟ ಅದೇ. ನನ್ನ ಪೈಪು ಜೂನ್‌ನಲ್ಲಿ ಪಾಸಾದದ್ದು ಹೀಗೆ. ನಮ್ಮಲ್ಲಿ ಜುಲೈನಲ್ಲಿ ನೆಲ ಒಣಗುವುದೆಲ್ಲಿ?

ಪೈಪಿಗೆ ಬೇಕಾದದ್ದು ದಿನದ ಲೆಕ್ಕವಲ್ಲ, ಜೋರು ಮಳೆಯ ಹೊತ್ತಿನದು. ಎಕರೆಗೆ ಗಂಟೆಗೆ 1 ಮಿ.ಮೀ. ಅಂದರೆ ಸೆಕೆಂಡಿಗೆ 1 ಲೀಟರಿಗಿಂತ ತುಸು ಹೆಚ್ಚು. 10 ಎಕರೆ, ಗಂಟೆಗೆ 80 ಮಿ.ಮೀ. ರಭಸ, ಅರ್ಧ ಹರಿಯಿತು ಅಂದುಕೊಳ್ಳಿ. ಸೆಕೆಂಡಿಗೆ 400 ಲೀಟರ್ ದಾಟಿತು. ಒಂದು ಅಡಿ ಪೈಪು, ನೀರು ಸೆಕೆಂಡಿಗೆ ಒಂದೂವರೆ ಮೀಟರ್ ಓಡಿದರೂ, ಬಿಡುವುದು 100 ಲೀಟರ್.

ಹಳ್ಳವನ್ನೂ ಕೇಳಿ ನೋಡಿ. ನೇರ ಹರಿವಿರುವ ಕಡೆ 10 ಮೀಟರ್ ಗುರುತು ಹಾಕಿ, ಒಣ ಅಡಿಕೆ ಸಿಪ್ಪೆ ತೇಲಿಬಿಟ್ಟು ಸೆಕೆಂಡು ಎಣಿಸಿ. ಮೇಲ್ನೀರು ಬೇಗ ಓಡುವುದರಿಂದ ವೇಗದಲ್ಲಿ ಐದನೇ ಒಂದು ಪಾಲು ಕಳೆಯಿರಿ. ಅಗಲ, ಆಳದಿಂದ ಗುಣಿಸಿದರೆ ನಿಜವಾದ ಹರಿವು ಸಿಗುತ್ತದೆ. ಪ್ರವಾಹದ ಹೊತ್ತಿಗೆ ಮಾತ್ರ ಇಳಿಯಬೇಡಿ, ದಂಡೆಯಿಂದಲೇ ನೋಡಿ.

ಅಗಲ ಎರಡರಷ್ಟಾದರೆ ಪೈಪಿನ ಬಾಯಿ ನಾಲ್ಕರಷ್ಟು. ಹಾಗಾಗಿ ಈಗ ಎರಡು ಅಡಿಯವು ಎರಡು ಇಟ್ಟಿದ್ದೇನೆ. ಒಂದಕ್ಕೆ ಅಡಿಕೆ ಹಾಳೆ, ಸೋಗೆ ಸಿಕ್ಕಿಕೊಂಡರೆ ಇನ್ನೊಂದು ಇರಲಿ ಅಂತ.