ಕಿನ್ನಾಳ ಗೊಂಬೆಯ ಕೆಂಪು ಗೆರೆ ಉಳಿಸಿಕೊಂಡಿದ್ದು ಹೀಗೆ

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಗೊಂಬೆ ಮಾಡುವ ಒಂದು ಚಿತ್ರಗಾರ ಮನೆತನಕ್ಕೆ ವೆಬ್‌ಸೈಟ್ ಮಾಡಿಕೊಟ್ಟೆ. ನಲವತ್ತು ಗೊಂಬೆಗಳ ಫೋಟೊ ತೆಗೆದೆ. ಬಣ್ಣ ಕೆಡಬಾರದು ಅಂತ ಎಲ್ಲವನ್ನೂ ಪಿಎನ್‌ಜಿ ಎಂಬ ಬಗೆಯ ಫೈಲಿನಲ್ಲಿ ಹಾಕಿದೆ. ಒಂದೊಂದೂ ಭಾರಿ ದೊಡ್ಡ ಫೈಲ್. ಮನೆಯ ಹಿರಿಯರು ತಮ್ಮ ಮೊಬೈಲಿನಲ್ಲಿ ತೆರೆದರು. ಗರುಡನ ತಲೆ ಬಂತು, ರೆಕ್ಕೆ ಬರಲೇ ಇಲ್ಲ. "ತಮ್ಮಾ, ಇಷ್ಟೊತ್ತು ಯಾರ್ ಕಾಯ್ತಾರ?" ಅಂದರು.

ಪಿಎನ್‌ಜಿ ಒಂದು ಚುಕ್ಕೆಯನ್ನೂ ಬಿಡದೆ ಇಟ್ಟುಕೊಳ್ಳುತ್ತದೆ. ಕೆಲವೇ ಬಣ್ಣಗಳ ಚಿತ್ರಕ್ಕೆ ಅದು ಸರಿ. ಫೋಟೊದಲ್ಲಿ ನೆರಳು ಬೆಳಕು ಚುಕ್ಕೆ ಚುಕ್ಕೆಗೂ ಬದಲಾಗುತ್ತದೆ, ಅದಕ್ಕೇ ಫೈಲ್ ಊದಿಕೊಳ್ಳುತ್ತದೆ.

ಮೊದಲು ಅಗಲವನ್ನು 4000 ಪಿಕ್ಸೆಲ್‌ನಿಂದ 1200ಕ್ಕೆ ಇಳಿಸಿದೆ. ಜಾಸ್ತಿ ಉಳಿತಾಯ ಆಗಿದ್ದು ಇಲ್ಲೇ. ಆಮೇಲೆ ಸ್ವಲ್ಪ ವಿವರ ಬಿಟ್ಟು ಫೈಲ್ ಸಣ್ಣದು ಮಾಡುವ ಜೆಪೆಗ್ ಬಗೆಗೆ ಬದಲಾಯಿಸಿದೆ, ಗುಣಮಟ್ಟ ನೂರಕ್ಕೆ 60. ಪುಟ ಥಟ್ಟನೆ ತೆರೆಯಿತು. ಆದರೆ ಹಿರಿಯರು ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, "ಗೆರಿ ಎಲ್ಲಾ ಕಲಸಿದಂಗ ಆಗೇತಲ್ಲ" ಅಂದರು. ಹಸಿರಿನ ಮೇಲೆ ಅವರು ಎಳೆದ ಸಣ್ಣ ಕೆಂಪು ಗೆರೆ ಮಸುಕಾಗಿತ್ತು. ಆ ಗೆರೆಯೇ ಅವರ ಕೈಗುರುತು. ಅದು ಕೆಟ್ಟರೆ ಫೋಟೊ ಹಾಕಿ ಏನು ಪ್ರಯೋಜನ?

ಕಾರಣ ಹುಡುಕಿದೆ. ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಚುಕ್ಕೆ ಚುಕ್ಕೆಗೂ ಲೆಕ್ಕಕ್ಕೆ ಹಿಡಿಯುತ್ತಾರೆ, ಬಣ್ಣದ ವಿವರ ಮಾತ್ರ ಉದ್ದಕ್ಕೂ ಅಗಲಕ್ಕೂ ಅರ್ಧಕ್ಕೆ ಇಳಿಯುತ್ತದೆ. ಮುಖ, ಮರ, ಬೆಟ್ಟದ ಫೋಟೊದಲ್ಲಿ ಇದು ಕಣ್ಣಿಗೆ ಗೊತ್ತಾಗುವುದಿಲ್ಲ. ಹಸಿರು, ಕೆಂಪು ಎರಡರ ಹೊಳಪೂ ಒಂದೇ ಇದ್ದಾಗ ಮಾತ್ರ ಗೆರೆ ಕಾಣುವುದೇ ಬಣ್ಣದಿಂದ ಅಲ್ವಾ? ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಸಬ್‌ಸ್ಯಾಂಪ್ಲಿಂಗ್ 4:4:4 ಅಂತ, ಅಂದರೆ ಬಣ್ಣವನ್ನು ಅರ್ಧಕ್ಕೆ ಇಳಿಸಬೇಡ ಅಂತ ಆರಿಸಿ, ಗುಣಮಟ್ಟ 85 ಇಟ್ಟೆ. 230 ಕೆಬಿ ಆಯಿತು. ಗೆರೆ ನೆಟ್ಟಗೆ ನಿಂತಿತು.

ಗೂಗಲ್ 2010ರಲ್ಲಿ ತಂದ ವೆಬ್‌ಪಿ ಎಂಬ ಇನ್ನೊಂದು ಫೈಲ್ ಬಗೆಯಲ್ಲಿ ಫೈಲ್ ಇನ್ನೂ ಸಣ್ಣದಾಗುತ್ತದೆ. ಆದರೆ ಅದರ ಮಾಮೂಲಿ ಲಾಸಿ (ಸ್ವಲ್ಪ ವಿವರ ಬಿಡುವ) ವಿಧಾನ ಬಣ್ಣವನ್ನು ಯಾವಾಗಲೂ ಅರ್ಧಕ್ಕೆ ಇಳಿಸುತ್ತದೆ. ಹಾಗಾಗಿ ಅಂಗಳ, ಮರ ಕೆತ್ತುವ ಕೈ, ಇಂಥ ಫೋಟೊಗಳಿಗಷ್ಟೇ ವೆಬ್‌ಪಿ. ಅಂಗಡಿಯ ಲೋಗೊಗೆ, ಚುಕ್ಕೆಗಳ ಬದಲು ಗೆರೆ, ಆಕಾರಗಳನ್ನೇ ಬರೆದಿಡುವ ಎಸ್‌ವಿಜಿ.

ಮೂಲ ಫೋಟೊಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಜೆಪೆಗ್ಗನ್ನು ತಿದ್ದಿ ಮತ್ತೆ ಸೇವ್ ಮಾಡಿದಷ್ಟು ಸಲ ಒಂದಿಷ್ಟು ವಿವರ ಹೋಗುತ್ತದೆ. ಹೊಸ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ, ಅದು ಫೋಟೊ ಕುಗ್ಗಿಸದಂತೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಅವರ ಮಗನಿಗೂ ಹೇಳಿದ್ದೇನೆ.

ಎವಿಐಎಫ್ ಎಂಬ ಮತ್ತೊಂದು ಫೈಲ್ ಬಗೆಯಲ್ಲೂ 4:4:4 ಇಡಬಹುದು. ಮುಂದಿನ ಸಲ ಗರುಡನ ಫೋಟೊವನ್ನೇ ಮೊದಲು ಅದರಲ್ಲಿ ಹಾಕಿ ನೋಡುತ್ತೇನೆ.