ಕೊನೆಯ ಹಳ್ಳಿಯಿಂದ ಬಂದರಿನವರೆಗೆ: ವನುವಾಟುವಿನಲ್ಲಿ ನೆರವಿನ ಲೆಕ್ಕ ನೋಡಿದ ಅನುಭವ

2015ರ ಮಾರ್ಚ್ 13ರಂದು ಪಾಮ್ ಚಂಡಮಾರುತ ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟುವನ್ನು ಬಡಿಯಿತು. ಗಾಳಿಯ ವೇಗ ಗಂಟೆಗೆ ಸುಮಾರು 250 ಕಿ.ಮೀ. ಆಮೇಲೆ ಬಂದ ವಿದೇಶಿ ನೆರವಿನ ಮೌಲ್ಯಮಾಪನ ಮಾಡಿದ ಒಂದು ತಂಡದಲ್ಲಿ ನಾನೂ ಇದ್ದೆ.

ಇಂಥ ಕೆಲಸ ಸಾಮಾನ್ಯವಾಗಿ ರಾಜಧಾನಿಯಲ್ಲೇ ಶುರುವಾಗುತ್ತದೆ. ಯಾರು ಎಷ್ಟು ಟನ್ ಕಳಿಸಿದರು ಅನ್ನುವ ಪಟ್ಟಿ ಅಲ್ಲಿ ಕೈಗೆ ಸಿಗುತ್ತದೆ. ಆದರೆ ವನುವಾಟು ಸುಮಾರು 80 ದ್ವೀಪಗಳ ದೇಶ. ರಾಜಧಾನಿ ಪೋರ್ಟ್ ವಿಲಾಕ್ಕೆ ಬಂದಿಳಿದದ್ದೆಲ್ಲ ಜನರ ಕೈ ಸೇರಿತು ಅಂದುಕೊಳ್ಳಲು ಆಗುವುದಿಲ್ಲ. ಅದಕ್ಕೇ ನಾವು ಉಲ್ಟಾ ದಾರಿ ಹಿಡಿದೆವು. ತಾನ್ನಾ ದ್ವೀಪದ ಹಳ್ಳಿಗಳಿಂದ ಶುರು ಮಾಡಿ, ಒಂದೊಂದು ಸಾಮಾನಿನ ಜಾಡು ಹಿಡಿದು ಬಂದರಿಗೆ ಬಂದೆವು.

ಹಳ್ಳಿಯಲ್ಲಿ ನಾನು ಮೊದಲು ಕೇಳುತ್ತಿದ್ದದ್ದು, "ಆ ವಾರ ಏನು ತಿಂದಿರಿ? ಅದರ ಮುಂದಿನ ತಿಂಗಳು?" ಏನು ನೆರವು ಸಿಕ್ಕಿತು ಅನ್ನುವ ಪ್ರಶ್ನೆ ಆಮೇಲೆ. ಬಾಳೆ ನೆಲ ಕಚ್ಚಿತ್ತು. ಟಾರೊ, ಮರಗೆಣಸು ಮಣ್ಣೊಳಗೆ ಉಳಿದಿದ್ದವು. ಆದರೆ ಗಿಡದ ಬುಡ ಅಲ್ಲಾಡಿದರೆ ಗೆಡ್ಡೆ ಬೇಗ ಕೊಳೆಯುತ್ತದೆ. ಹಾಗಾಗಿ ಮೊದಲು ಸಿಕ್ಕಿದ್ದನ್ನು ಕಿತ್ತು ತಿನ್ನುತ್ತಾರೆ, ನಿಜವಾದ ಹಸಿವು ಆಮೇಲೆ ಬರುತ್ತದೆ. ಹೊಸ ಮರಗೆಣಸು ಕೈಗೆ ಬರಲು ತಿಂಗಳುಗಟ್ಟಲೆ ಬೇಕು, ಅಲ್ವಾ? ಅಕ್ಕಿ ಎಷ್ಟು ಬಂತು ಅನ್ನುವುದಕ್ಕಿಂತ ಯಾವಾಗ ಬಂತು ಅನ್ನುವುದೇ ಮುಖ್ಯ. ನೆಡಲು ಬೀಜ, ಕಾಂಡ ತಂದುಕೊಟ್ಟವರ ಬಗ್ಗೆ ಸುದ್ದಿ ಬರುವುದು ಕಡಿಮೆ. ನನ್ನ ಲೆಕ್ಕದಲ್ಲಿ ಅವರಿಗೇ ಜಾಸ್ತಿ ಅಂಕ.

ನಕಮಾಲ್‌ನಲ್ಲಿ, ಅಂದರೆ ಊರವರು ಸಭೆ ಸೇರುವ ಜಾಗದಲ್ಲಿ, ಗಂಡಸರು ಹೇಳುವುದನ್ನು ಮಾತ್ರ ಕೇಳಿ ಎದ್ದು ಬರಬಾರದು. ನೀರು ಎಲ್ಲಿಂದ ಹೊತ್ತು ತಂದದ್ದು ಅನ್ನುವುದನ್ನು ಹೆಂಗಸರ ಹತ್ತಿರ ಬೇರೆಯಾಗಿ ಕೂತು ಕೇಳಬೇಕು. ವಿಪತ್ತಿನ ನೆರವಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. ಲೀಟರ್ ಲೆಕ್ಕ ಯಾರು ಇಟ್ಟಿರುತ್ತಾರೆ? ಮನೆಮಂದಿ ಎಷ್ಟು, ಬಕೆಟ್ ಎಷ್ಟು ಅಂತ ಕೇಳಿ ನಾವೇ ಲೆಕ್ಕ ಹಾಕಿದೆವು.

ಬಂದರಿನಲ್ಲಿ ಬೇರೆಯೇ ಸಮಸ್ಯೆ. ಯಾರೂ ಕೇಳದೆ ಕಳಿಸಿದ ಸಾಮಾನು. ರೆಡ್ ಕ್ರಾಸ್ ಲೆಕ್ಕದ ಪ್ರಕಾರ 70ಕ್ಕೂ ಹೆಚ್ಚು ಕಂಟೇನರ್ ಹೀಗೆ ಬಂದವು. 10 ತಿಂಗಳಾದರೂ 18 ಕಂಟೇನರ್ ಅಲ್ಲೇ ಇದ್ದವು. ಒಳಗಿನ ಆಹಾರದ ಅವಧಿ ಮುಗಿಯುತ್ತಿತ್ತು, ಜಾಗದ ಬಾಡಿಗೆ ಏರುತ್ತಿತ್ತು. ಇಂಥ ಖರ್ಚನ್ನು ನೆರವಿನ ಮೊತ್ತದಿಂದ ಕಳೆಯಲೇಬೇಕು ಅಂತ ನಾನು ಪಟ್ಟು ಹಿಡಿದೆ.

2020ರ ಏಪ್ರಿಲ್‌ನಲ್ಲಿ ಹೆರಾಲ್ಡ್ ಚಂಡಮಾರುತ ಬಂದಾಗ ಕೋವಿಡ್‌ನಿಂದ ದೇಶದ ಗಡಿ ಮುಚ್ಚಿತ್ತು. ವಿದೇಶಿ ತಜ್ಞರ ದಂಡು ಬರಲು ಆಗಲಿಲ್ಲ. ಮುಂದೆ ನಿಂತು ಕೆಲಸ ನಡೆಸಿದವರು ಅಲ್ಲಿಯವರೇ. ಅದಕ್ಕೆ ಈಗ ಊರಿನ ಸಮಿತಿ ತಾನೇ ಮಾಡಿದ ಕೆಲಸವನ್ನು ದಾನಿಗಳ ಸಾಧನೆಯ ಜೊತೆ ಸೇರಿಸದೆ, ಬೇರೆಯಾಗಿ ಬರೆಯುತ್ತೇನೆ. ಕರಡು ವರದಿಯನ್ನು ಅಲ್ಲಿನ ಆಡುಭಾಷೆಯಾದ ಬಿಸ್ಲಾಮಾದಲ್ಲಿ ಹಳ್ಳಿಗಳಿಗೆ ಓದಿ ಹೇಳಿ, ಅವರು ತಿದ್ದಿದ ಮೇಲೆಯೇ ದಾನಿಗಳಿಗೆ ಕಳಿಸುವುದು ಅಂತ ಮೊದಲೇ ಒಪ್ಪಂದದಲ್ಲಿ ಬರೆಸುತ್ತೇನೆ.