ಭಾನುವಾರ ನಂದಿಬೆಟ್ಟ, ಸೋಮವಾರ ಲಿವರ್ ಟೆಸ್ಟ್

ಬೆಂಗಳೂರಿನಲ್ಲಿ ಓಡುವವರಿಗೆ ಭಾನುವಾರ ಅಂದರೆ ಲಾಂಗ್ ರನ್. ಆಫೀಸಿನ ವಾರ್ಷಿಕ ಚೆಕಪ್‌ಗೆ ಲ್ಯಾಬ್ ಹುಡುಗ ಮನೆಗೆ ಬಂದದ್ದು ಸೋಮವಾರ ಬೆಳಿಗ್ಗೆ. ಸಂಜೆಗೆ ರಿಪೋರ್ಟ್ ಬಂತು. ಲಿವರ್ ಟೆಸ್ಟಿನಲ್ಲಿ ನೋಡುವ ಎರಡು ಕಿಣ್ವಗಳು ಹೀಗಿದ್ದವು: ಎಸ್‌ಜಿಒಟಿ 118, ಎಸ್‌ಜಿಪಿಟಿ 61. ಎರಡಕ್ಕೂ ಲ್ಯಾಬಿನವರು ಕೊಟ್ಟಿದ್ದ ಮಿತಿ 40.

"ಏನೋ, ಕದ್ದುಮುಚ್ಚಿ ಕುಡೀತಿದ್ದೀಯಾ?" ಅಂದಳು ಅಕ್ಕ. ಅವಳು ನರ್ಸ್, ಸುಮ್ನೆ ಕೇಳಿದ್ದಲ್ಲ. ಕುಡಿತದಿಂದ ಲಿವರ್ ಕೆಟ್ಟಾಗ ಎಸ್‌ಜಿಒಟಿ ಹೆಚ್ಚಾಗಿ ಎಸ್‌ಜಿಪಿಟಿಯ ಎರಡರಷ್ಟಿರುತ್ತದೆ. ತಮಾಷೆ ಏನೆಂದರೆ, ಜೋರು ಓಟದ ಮರುದಿನವೂ ಹೀಗೇ ಕಾಣಬಹುದು. ಈ ಎರಡು ಕಿಣ್ವಗಳು ಲಿವರ್‌ನಲ್ಲಷ್ಟೇ ಇಲ್ಲ, ಮಾಂಸಖಂಡದಲ್ಲೂ ಇವೆ. ಅಲ್ಲಿ ಎಸ್‌ಜಿಒಟಿಯೇ ಜಾಸ್ತಿ. ಖಂಡದ ಎಳೆಗಳಿಗೆ ಪೆಟ್ಟು ಬಿದ್ದರೆ ಅವು ರಕ್ತಕ್ಕೆ ಸೋರುತ್ತವೆ.

ಹಿಂದಿನ ದಿನ ನಾನು ನಂದಿಬೆಟ್ಟ ಹತ್ತಿ ಇಳಿದಿದ್ದೆ. ಹತ್ತುವಾಗ ಏದುಸಿರು ಬರುತ್ತದೆ ನಿಜ, ಆದರೆ ತೊಡೆಗೆ ಪೆಟ್ಟು ಕೊಡುವುದು ಇಳಿಯುವ ಓಟ. ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಸೋಮವಾರ ಮನೆ ಮೆಟ್ಟಿಲನ್ನು ಕಂಬಿ ಹಿಡಿದು, ಅಡ್ಡಡ್ಡ ಇಳಿದಿದ್ದೆ.

ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು ರಕ್ತದಲ್ಲೇ ನೋಡುವ ಇನ್ನೆರಡು ಕಿಣ್ವಗಳು, ಸಿಪಿಕೆ ಮತ್ತು ಜಿಜಿಟಿ, ಎರಡನ್ನೂ ಸೇರಿಸಿ ಬರೆದುಕೊಟ್ಟರು. ಸಿಪಿಕೆ ಏರಿದರೆ ಬಹುಪಾಲು ಮಾಂಸಖಂಡದ ಕಡೆಯದ್ದು. ಜಿಜಿಟಿ ಓಟದಿಂದ ಏರುವುದಿಲ್ಲ. ಲಿವರ್, ಪಿತ್ತನಾಳದ ತೊಂದರೆ ಅಥವಾ ಕುಡಿತ ಇದ್ದರೆ ಏರುತ್ತದೆ. ನನ್ನ ಸಿಪಿಕೆ ಸಾವಿರ ದಾಟಿತ್ತು, ಜಿಜಿಟಿ 19. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಕೂಡ ಸರಿಯಿತ್ತು. ಅಕ್ಕನಿಗೆ ಮೊದಲು ತೋರಿಸಿದ್ದು ಆ 19ನ್ನೇ!

ಆಮೇಲೆ ಓಟ, ಜಿಮ್ ಎರಡೂ ಬಂದ್. ಲಾಲ್‌ಬಾಗಿನಲ್ಲಿ ನಡಿಗೆ ಮಾತ್ರ. ಎರಡು ದಿನ ಬಿಟ್ಟರೆ ಸಾಕು ಅನ್ನುವವರಿದ್ದಾರೆ, ಸಾಲದು. ಭಾರ ಎತ್ತಿ ಅಭ್ಯಾಸವಿಲ್ಲದ ಆರೋಗ್ಯವಂತ ಗಂಡಸರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗಂಟೆಯ ಕಸರತ್ತಿಗೇ ಈ ಕಿಣ್ವಗಳು ಕನಿಷ್ಠ 7 ದಿನ ಮೇಲೇ ಇದ್ದವು. ಎಸ್‌ಜಿಒಟಿ ಬೇಗ ಇಳಿಯುತ್ತದೆ, ಎಸ್‌ಜಿಪಿಟಿ ನಿಧಾನ. ವಾರ ಕಳೆದ ಮೇಲೆ ಮತ್ತೆ ರಕ್ತ ಕೊಟ್ಟೆ: ಎಸ್‌ಜಿಒಟಿ 26, ಎಸ್‌ಜಿಪಿಟಿ 31.

ಹಾಗಂತ ಎಲ್ಲವನ್ನೂ ಓಟದ ತಲೆಗೆ ಕಟ್ಟಬೇಡಿ. ಓಡುವವರಿಗೂ ಫ್ಯಾಟಿ ಲಿವರ್ ಬರುತ್ತದೆ. ಜಿಜಿಟಿ ಏರಿದ್ದರೆ, ಅಥವಾ ವಿಶ್ರಾಂತಿಯ ನಂತರವೂ ಅಂಕಿ ಇಳಿಯದಿದ್ದರೆ ಸ್ಕ್ಯಾನ್, ಹೆಪಟೈಟಿಸ್ ಬಿ, ಸಿ ಪರೀಕ್ಷೆಗಳ ಬಗ್ಗೆ ಡಾಕ್ಟರನ್ನು ಕೇಳಿ. ಓಡಿದ ಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಖಂಡ ಕರಗಿ ಕಿಡ್ನಿಗೆ ಪೆಟ್ಟಾಗಬಹುದು.

ಈಗ ನಾನು ಚೆಕಪ್ ದಿನ ಗೊತ್ತುಮಾಡಿಕೊಂಡು, ಅದಕ್ಕೆ ಮುಂಚಿನ ವಾರ ಓಟ ನಿಲ್ಲಿಸುತ್ತೇನೆ. ಆಫೀಸಿನವರು ದಿನ ಬದಲಿಸಲು ಒಪ್ಪದಿದ್ದರೆ, ಕೊನೆಯ ಸಲ ಎಷ್ಟು ಓಡಿದೆ, ಯಾವತ್ತು ಓಡಿದೆ ಅಂತ ಡಾಕ್ಟರಿಗೆ ತೋರಿಸುವ ಚೀಟಿಯಲ್ಲಿ ಬರೆದಿಡುತ್ತೇನೆ.